ಅಪ್ಪನ ಪಾತ್ರಕ್ಕೆ ಬೇರೆ ಮುಖ

2015ರ ಅಕ್ಟೋಬರ್ 21, ಬುಧವಾರ. ಮಾರನೇ ದಿನ ದಸರಾ ರಜೆ. ಹಾಗಾಗಿ ಆಫೀಸಿನಿಂದ ಸೀದಾ ಡೋಂಬಿವಲಿಯ ಅಕ್ಕನ ಮನೆಗೆ ಹೋಗಿದ್ದೆ. ದಾದರಿನಿಂದ ಫಾಸ್ಟ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದ ಸುಸ್ತು ಇಳಿಯುವ ಮೊದಲೇ ಅಕ್ಕನ ಮಗ ಡಿವಿಡಿ ಹಿಡಿದು ಬಂದ. ‘ಮಾಮ, ಇವತ್ತು ಇದನ್ನೇ ನೋಡ್ಬೇಕು.’ ಬ್ಯಾಕ್ ಟು ದ ಫ್ಯೂಚರ್ ಪಾರ್ಟ್ 2. 1989ರ ಸಿನಿಮಾ. ಅದರಲ್ಲಿ ನಾಯಕ ಮಾರ್ಟಿ ಮತ್ತು ಅವನ ವಿಜ್ಞಾನಿ ಗೆಳೆಯ ಡಾಕ್ ಬ್ರೌನ್, ಕಾಲದಲ್ಲಿ ಹಿಂದೆ ಮುಂದೆ ಹೋಗುವ ಹಾರುವ ಕಾರಿನಲ್ಲಿ 1985ರಿಂದ ಬಂದಿಳಿಯುವುದು ಸರಿಯಾಗಿ ಇದೇ ತಾರೀಕಿಗೆ, ಸಂಜೆ 4 ಗಂಟೆ 29 ನಿಮಿಷಕ್ಕೆ. ನಾವು ಕೂತಾಗ ರಾತ್ರಿ ಆಗಿತ್ತು, ಇರಲಿ.

ಮೊದಲ ಭಾಗವನ್ನು ಇವರೆಲ್ಲ ಹಿಂದಿನ ಭಾನುವಾರವೇ ನೋಡಿದ್ದರು. ಅಮ್ಮನೂ ಕೂಡ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಸಿನಿಮಾ ಅಂದರೆ ಬಿಡುವುದಿಲ್ಲ.

ಹುಡುಗನಿಗೆ ಬೇಕಾಗಿದ್ದು, ಸಿನಿಮಾದ 2015ರಲ್ಲಿ ತೋರಿಸಿದ್ದರಲ್ಲಿ ಎಷ್ಟು ನಿಜವಾಗಿದೆ ಅಂತ ಲೆಕ್ಕ ಹಾಕುವುದು. ಗೋಡೆಗೆ ಹಾಕುವ ಟಿವಿ ಬಂದಿದೆ, ವಿಡಿಯೋ ಕಾಲ್ ಬಂದಿದೆ, ಹಾರುವ ಸ್ಕೇಟ್‌ಬೋರ್ಡ್ ಮಾತ್ರ ಇಲ್ಲ. ಮನೆ ತುಂಬಾ ಫ್ಯಾಕ್ಸ್ ಮೆಷಿನ್ ಇಟ್ಟಿದ್ದನ್ನು ನೋಡಿ ‘ಅದೇನು ಪ್ರಿಂಟರಾ?’ ಅಂತ ಕೇಳಿದ. ನನಗೆ ಈ ಭವಿಷ್ಯದ ಭಾಗವೇ ಸಿನಿಮಾದಲ್ಲಿ ಸಪ್ಪೆ. ಜಾಸ್ತಿ ಬಣ್ಣ, ಜಾಸ್ತಿ ಗದ್ದಲ.

ಭಾವ ಎದ್ದು ಕೂತದ್ದು ಪಿಜ್ಜಾ ತಿನ್ನುವ ದೃಶ್ಯದಲ್ಲಿ. ಮುದಿಯಾದ ಮಾರ್ಟಿ, ಅವನ ಮಗ, ಅವನ ಮಗಳು, ಮೂರೂ ನಾಯಕ ನಟ ಮೈಕೆಲ್ ಜೆ. ಫಾಕ್ಸ್ ಒಬ್ಬನೇ. ಭಾವ ಯಕ್ಷಗಾನದ ಹುಚ್ಚಿನವರು. ಮಳೆಗಾಲದಲ್ಲಿ ಊರಿನ ಮೇಳ ಮುಂಬೈಗೆ ಬಂದರೆ ಆಟ ತಪ್ಪಿಸುವವರಲ್ಲ. ‘ಸ್ತ್ರೀವೇಷ ಕೂತಿಲ್ಲ ಮಾರಾಯ, ನಡಿಗೆ ಗಂಡಸಿನದ್ದೇ’ ಅಂತ ತೀರ್ಪು ಕೊಟ್ಟರು. ಸರಿಯಾದ ಮಾತೇ. ಆದರೆ ಆ ದೃಶ್ಯದ ಹಿಂದಿನ ಕೆಲಸ ಸಣ್ಣದಲ್ಲ. ಒಬ್ಬ ನಟನನ್ನು ಒಂದೇ ಶಾಟ್‌ನಲ್ಲಿ ಇಬ್ಬರಾಗಿ ತೋರಿಸಬೇಕಾದರೆ ಮೊದಲೆಲ್ಲ ಸಾಮಾನ್ಯವಾಗಿ ಕ್ಯಾಮೆರಾ ಅಲ್ಲಾಡಿಸದೆ ಇಡಬೇಕಿತ್ತು. ಇಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಅನ್ನುವ ಸ್ಪೆಷಲ್ ಎಫೆಕ್ಟ್ ಕಂಪನಿಯವರು ವಿಸ್ಟಾಗ್ಲೈಡ್ ಅನ್ನುವ, ಕಂಪ್ಯೂಟರ್ ನಡೆಸುವ ಕ್ಯಾಮೆರಾ ವ್ಯವಸ್ಥೆ ಮಾಡಿದರು. ಒಮ್ಮೆ ಹೋದ ದಾರಿಯಲ್ಲೇ ಅದು ಮತ್ತೆ ಮತ್ತೆ ಕೂದಲೆಳೆ ತಪ್ಪದೆ ಹೋಗುತ್ತದೆ. ಪ್ರತಿ ಸಲ ಬೇರೆ ವೇಷ ಹಾಕಿ ನಟಿಸುವುದು, ಆಮೇಲೆ ಎಲ್ಲವನ್ನೂ ಸೇರಿಸುವುದು.

ಅಷ್ಟರಲ್ಲಿ ಅಮ್ಮ, ‘ಇವನ ಅಪ್ಪ ಮೊನ್ನೆಯವನಲ್ಲ, ಬೇರೆ ಯಾರೋ’ ಅಂದರು.

ನಾನು ಬೆಚ್ಚಿಬಿದ್ದೆ. ಆ ಅಪ್ಪನನ್ನು ಬೆನ್ನುನೋವಿನ ನೆಪದಲ್ಲಿ ತಲೆಕೆಳಗಾಗಿ ನೇತುಹಾಕಿದ್ದಾರೆ, ಮುಖಕ್ಕೆ ಮುದುಕನ ಮೇಕಪ್ಪು ಬೇರೆ. ಆದರೂ ಹಿಡಿದರು! ಮೊದಲ ಭಾಗದ ಕ್ರಿಸ್ಪಿನ್ ಗ್ಲೋವರ್ ಇದಕ್ಕೆ ಬರಲಿಲ್ಲ, ಮಾತುಕತೆ ಮುರಿದುಬಿತ್ತು. ಜೆಫ್ರಿ ವೈಸ್‌ಮನ್ ಅನ್ನುವ ನಟನಿಗೆ ಗ್ಲೋವರ್ ಮುಖದ ಅಚ್ಚಿನಿಂದ ಮೇಕಪ್ ಮಾಡಿ, ನಡುನಡುವೆ ಹಳೆ ಸಿನಿಮಾದ ತುಣುಕು ಸೇರಿಸಿ ಕೆಲಸ ಸಾಗಿಸಿದರು. ಗ್ಲೋವರ್ ಕೋರ್ಟಿಗೆ ಹೋದರು, ಕೊನೆಗೆ ಹೊರಗೇ ರಾಜಿ ಆಯಿತು.

ಅಕ್ಕನಿಗೆ ಇದು ದೊಡ್ಡ ವಿಷಯವೇ ಅನ್ನಿಸಲಿಲ್ಲ. ‘ನಮ್ಮ ಧಾರಾವಾಹಿಯಲ್ಲಿ ರಾತ್ರೋರಾತ್ರಿ ಸೊಸೆ ಬದಲಾಗ್ತಾಳೆ, ಯಾರು ಕೇಸ್ ಹಾಕ್ತಾರೆ?’ ಆದರೆ ಅಲ್ಲಿ ಹೊಸಬಳು ತನ್ನ ಮುಖದಲ್ಲೇ ಬರುತ್ತಾಳೆ, ಅಲ್ವಾ? ಇಲ್ಲಿ ಬಾರದವನ ಮುಖವನ್ನೇ ಬಂದವನಿಗೆ ಅಂಟಿಸಿದ್ದು. ಇಷ್ಟು ಹೇಳಿದ್ದಕ್ಕೆ ಅಕ್ಕ ‘ಹೌದು, ಅದು ತಪ್ಪೇ’ ಅಂದಳು.

ತಮಾಷೆ ಅಂದರೆ, ನಾಯಕನ ಹುಡುಗಿಯೂ ಬದಲಾಗಿದ್ದಾಳೆ, ಅದನ್ನು ಅಮ್ಮನೂ ಹಿಡಿಯಲಿಲ್ಲ. ಮೊದಲ ಭಾಗದಲ್ಲಿ ಆ ಪಾತ್ರ ಮಾಡಿದ್ದ ಕ್ಲಾಡಿಯಾ ವೆಲ್ಸ್ ತಾಯಿಗೆ ಹುಷಾರಿಲ್ಲದ್ದಕ್ಕೆ ಬರಲಿಲ್ಲ. ಎಲಿಜಬೆತ್ ಶೂ ಬಂದರು, ಮೊದಲ ಭಾಗದ ಕೊನೆ ದೃಶ್ಯವನ್ನೇ ಮತ್ತೆ ಚಿತ್ರೀಕರಿಸಿದರು. ಪಾಪ, ಅವಳಿಗೆ ಕೆಲಸವೂ ಕಡಿಮೆ, ಶುರುವಿನಲ್ಲೇ ನಿದ್ದೆ ಬರಿಸಿ ಮಲಗಿಸಿಬಿಡುತ್ತಾರೆ. 1985ರ ಮೊದಲ ಭಾಗದ ಕೊನೆಗೆ ಅವಳನ್ನು ಕಾರಿಗೆ ಹತ್ತಿಸಿದ್ದು ಒಂದು ಜೋಕಿಗಾಗಿ. ಮುಂದಿನ ಭಾಗ ಮಾಡುವ ಯೋಚನೆಯೇ ಆಗ ಇರಲಿಲ್ಲ. ಸಿನಿಮಾ ಸಿಕ್ಕಾಪಟ್ಟೆ ಓಡಿದ ಮೇಲೆ ಆ ಜೋಕಿನಿಂದಲೇ ಕಥೆ ಎಳೆಯಬೇಕಾಯಿತು.

ಕಥೆಗಾರ ಬಾಬ್ ಗೇಲ್ ಮೊದಲು ಬರೆದದ್ದು 1967ಕ್ಕೆ ಹೋಗುವ ಕಥೆ. ನಿರ್ದೇಶಕ ರಾಬರ್ಟ್ ಜೆಮೆಕಿಸ್ ಅದನ್ನು ಬಿಟ್ಟು ಮೊದಲ ಸಿನಿಮಾದ ಒಳಗೇ ವಾಪಸ್ ಹೋಗೋಣ ಅಂದರು. ನನ್ನ ಪ್ರಕಾರ ಸಿನಿಮಾ ಗೆದ್ದದ್ದು ಅಲ್ಲೇ. ನಾವು ಈಗಾಗಲೇ ನೋಡಿದ 1955ರ ಡ್ಯಾನ್ಸ್ ಪಾರ್ಟಿ, ಸ್ಟೇಜಿನ ಮೇಲೆ ಒಬ್ಬ ಮಾರ್ಟಿ ಗಿಟಾರ್ ಬಾರಿಸುತ್ತಿದ್ದಾನೆ, ಮೇಲೆ ಇನ್ನೊಬ್ಬ ಮಾರ್ಟಿ ಕಣ್ಣಿಗೆ ಬೀಳದಂತೆ ತೆವಳುತ್ತಿದ್ದಾನೆ. ‘ಎರಡು ಮಾರ್ಟಿ!’ ಅಂತ ಹುಡುಗ ಕೂಗಿದ, ಅಮ್ಮನಿಗೂ ಯಾರೂ ವಿವರಿಸಬೇಕಾಗಲಿಲ್ಲ.

1989ರಲ್ಲಿ ಮಾತ್ರ ಅನೇಕ ವಿಮರ್ಶಕರು ಇದನ್ನೇ ಗೋಜಲು ಅಂದರು, ಮೊದಲನೆಯದರ ಆಪ್ತತೆ ಇಲ್ಲ ಅಂದರು. ಸುಮಾರು 4 ಕೋಟಿ ಡಾಲರ್ ಹಾಕಿದ ಸಿನಿಮಾ ಜಗತ್ತಿನಾದ್ಯಂತ 33 ಕೋಟಿಯಷ್ಟು ತಂದಿತು, ಆದರೂ ಮೊದಲ ಭಾಗದಷ್ಟು ಅಲ್ಲ. ಕಥೆ ನಡುವೆ ನಿಲ್ಲಿಸಿದ್ದಕ್ಕೂ ಜನ ಸಿಟ್ಟಾದರು. ಎರಡನೇ ಮತ್ತು ಮೂರನೇ ಭಾಗವನ್ನು ಬೆನ್ನುಬೆನ್ನಿಗೆ ತೆಗೆದಿದ್ದರಲ್ಲ, ಕೊನೆಗೆ ಮೂರನೆಯದರ ಜಾಹೀರಾತನ್ನೇ ತೋರಿಸಿ ಮನೆಗೆ ಕಳಿಸಿದರು.

ಅವರೆಲ್ಲ 1990ರ ಮೇವರೆಗೆ ಕಾಯಬೇಕಾಯಿತು. ನಾವು ಕಾದದ್ದು ಅಕ್ಕ ಸಾರು ಬಿಸಿ ಮಾಡುವಷ್ಟು ಹೊತ್ತು. ಮೂರನೆಯದನ್ನೂ ಅದೇ ರಾತ್ರಿ ಹಾಕಿದೆವು. ಅದು ಕುದುರೆ, ರೈಲು, ಕೌಬಾಯ್ ಕಥೆ. ಅಮ್ಮ ಕಣ್ಣು ಮಿಟುಕಿಸದೆ ನೋಡಿದರು, ಭಾವ ಅರ್ಧಕ್ಕೇ ಗೊರಕೆ ಹೊಡೆದರು.