ತುದಿ ಅದುರಿದಾಗ

ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ವಿಡಿಯೋ ನೋಡಿದೆ. ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ, ಚೆನ್ ಮನೆತನದ ತೈಚಿ ಎಂಬ ಸಮರಕಲೆಯ ತವರು. ಅಂಗಳದಲ್ಲಿ ಒಬ್ಬ ಅಜ್ಜ ಉದ್ದದ ಕೋಲು ಹಿಡಿದು ನಿಂತಿದ್ದರು. ಮೂರು ಮೀಟರಿಗೂ ಜಾಸ್ತಿ. ಬುಡ ದಪ್ಪ, ತುದಿ ಸಣ್ಣ.

ಬುಡ ಸೊಂಟದ ಹತ್ತಿರ. ತೋಳು ಹೆಚ್ಚೇನೂ ಆಡಲಿಲ್ಲ. ಸೊಂಟ ಸಣ್ಣಗೆ ತಿರುಗಿತು, ಅಷ್ಟೇ. ಅಲ್ಲಿ ಕೋಲಿನ ತುದಿ ಹಾವಿನ ನಾಲಿಗೆ ಥರ ಅದುರಿತು! ಅದೊಂದನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಾ ಕೂತೆ. ಕಾಫಿ ಆರಿಹೋಯಿತು.

ಉದ್ದದ ಕೋಲನ್ನು ಬುಡದಲ್ಲಿ ಹಿಡಿದು ಅಡ್ಡಲಾಗಿ ಎತ್ತಿ ನೋಡಿ, ಎಷ್ಟು ಭಾರ ಅಂತ ಗೊತ್ತಾಗುತ್ತದೆ. ಭುಜ ತಾನಾಗಿ ಬಿಗಿಯುತ್ತದೆ. ಭುಜ ಬಿಗಿದರೆ ಸೊಂಟದ ಬಲ ಅಲ್ಲೇ ನಿಂತಿತು, ತುದಿಗೆ ಹೋಗುವುದಿಲ್ಲ.

ಚೀನಾದ ಚಿಂಗ್ ರಾಜವಂಶದ ಕಾಲದ ಸೇನಾ ಪರೀಕ್ಷೆಯಲ್ಲಿ 120 ಜಿನ್ (ಅಲ್ಲಿನ ತೂಕದ ಅಳತೆ) ಭಾರದ ಕತ್ತಿಯೂ ಇತ್ತಂತೆ, ಹೆಚ್ಚುಕಮ್ಮಿ 70 ಕಿಲೋ! ಆ ಪರೀಕ್ಷೆ 1901ರಲ್ಲಿ ನಿಂತಿತು. ಅಲ್ಲಿ ಬಲ ಇದ್ದವನು ಗೆದ್ದ. ಈ ಕೋಲಿಗೆ ಬರೀ ಬಲ ಸಾಲದು. ನನಗಂತೂ ಇದೇ ಜಾಸ್ತಿ ಕಷ್ಟ ಅನ್ನಿಸಿತು.

ಡಂಬೆಲ್ ಎತ್ತುವ ಗೆಳೆಯರೇ, ನೀವೇನಂತೀರಿ?