ಬಾತ್‌ರೂಮ್ ಲೈನಿನ ವಾಲ್ವ್ ಬದಲಾಯಿಸಿದ್ದು

ನಮ್ಮನೆ ಬಾತ್‌ರೂಮಿಗೆ ಹೋಗೋ ಲೈನಿನ ಬಾಲ್ ವಾಲ್ವ್ (ಒಳಗಿರೋ ತೂತಿನ ಗುಂಡು ತಿರುಗಿ ನೀರು ನಿಲ್ಲಿಸೋದು) ಪೂರ್ತಿ ತಿರುಗಿಸಿದ್ರೂ ನೀರು ನಿಲ್ತಿರಲಿಲ್ಲ, ಬೋರ್‌ವೆಲ್ ನೀರಲ್ವಾ, ಉಪ್ಪು ಕಟ್ಟಿ ಕಟ್ಟಿ ಒಳಗಡೆ ಹಾಳಾಗಿರ್ಬೇಕು. ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪಲ್ಲಿ ಸಲ್ಯೂಷನ್ (ಪೈಪ್ ಅಂಟಿಸೋ ಅಂಟು) ಹಾಕಿ ಕೂರಿಸಿದ್ದನ್ನ ಬಿಚ್ಚೋಕೆ ಬರಲ್ಲ, ಎರಡೂ ಕಡೆ ಕುಯ್ದೇ ತೆಗೀಬೇಕು. ಅದಕ್ಕೇ ಈ ಸಲ ಯೂನಿಯನ್ (ನಟ್ ತಿರುಗಿಸಿ ಬಿಚ್ಚೋ ಜೋಡಣೆ) ಇರೋ ವಾಲ್ವ್ ತಂದೆ, ದುಡ್ಡು ಸ್ವಲ್ಪ ಜಾಸ್ತಿ, ಆದ್ರೆ ಮುಂದೆ ಕೆಟ್ರೆ ನಟ್ ಸಡಿಲಿಸಿ ನಡುವಿನ ಭಾಗ ಮಾತ್ರ ಬದಲಾಯಿಸಬಹುದು. ಅಂಗಡೀಲಿ ಸಿಪಿವಿಸಿ ಅಂತ್ಲೇ ಕೇಳಿ, ಬರೀ ಮುಕ್ಕಾಲಿಂಚು ಅಂದ್ರೆ ಯುಪಿವಿಸಿ ಅನ್ನೋ ಬೇರೆ ಥರದ ಬಿಳೀ ಪೈಪಿಂದು ಕೊಟ್ಬಿಡ್ತಾರೆ, ಅದರ ಅಳತೆ ಬೇರೆ, ಸಲ್ಯೂಷನ್ನೂ ಬೇರೆ.

ಕುಯ್ಯೋದೇನೂ ಕಷ್ಟ ಇಲ್ಲ, ಒಣಗಿಸೋದೇ ತಲೆನೋವು! ಟ್ಯಾಂಕ್ ಹತ್ರ ಬಂದ್ ಮಾಡಿದ್ರೂ ತೊಟ್ಟಿಕ್ತಾನೇ ಇರುತ್ತೆ, ಹಾಗಾಗಿ ಕೆಳಗಿನ ನಲ್ಲಿಗಳನ್ನೆಲ್ಲ ತೆರೆದು ಲೈನ್ ಖಾಲಿ ಮಾಡಿ, ಬಟ್ಟೇಲಿ ಒರೆಸಿ, ಕುಯ್ದ ಅಂಚನ್ನ ಸ್ಯಾಂಡ್‌ಪೇಪರಲ್ಲಿ ಉಜ್ಜಿ. ಸಲ್ಯೂಷನ್ ಪೈಪಿಗೆ ಸುತ್ತಲೂ ಚೆನ್ನಾಗಿ, ವಾಲ್ವ್ ಒಳಗೆ ತೆಳ್ಳಗೆ ಹಚ್ಚಿ, ಜಾಸ್ತಿ ಆದ್ರೆ ಬಾಲ್‌ಗೇ ಅಂಟಿಕೊಳ್ಳುತ್ತೆ. ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿ 30 ಸೆಕೆಂಡ್ ಒತ್ತಿ ಹಿಡೀರಿ, ಇಲ್ಲಾಂದ್ರೆ ಪೈಪ್ ಮೆಲ್ಲಗೆ ವಾಪಸ್ ಜಾರುತ್ತೆ. ಸಲ್ಯೂಷನ್ ಡಬ್ಬಿ ಮೇಲೆ ಬರೆದಷ್ಟು ಹೊತ್ತು ನೀರು ಬಿಡ್ಬೇಡಿ, ಮನೆಯವ್ರು ಎಷ್ಟೇ ಬೈದ್ರೂ. ಬಕೆಟ್ ಮೊದ್ಲೇ ತುಂಬಿಟ್ಕೊಂಡಿದ್ರೆ ಬೈಗುಳ ಸ್ವಲ್ಪ ಕಮ್ಮಿ.