ತವರಿನ ದಾರಿ, 104 ಕಿಲೋಮೀಟರ್

ಕಳೆದ ವರ್ಷ ಮೇ ತಿಂಗಳಲ್ಲಿ ಅಮ್ಮ ಹುಬ್ಬಳ್ಳಿಯಿಂದ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ನನ್ನ ಮನೆಗೆ ಬರುವ ಮೊದಲೇ, ಹತ್ತು ದಿನಗಳ ಕಾರು ಪ್ರವಾಸದ ಪಟ್ಟಿಯನ್ನು ನಾನು ಸಿದ್ಧಪಡಿಸಿದ್ದೆ. ಸ್ಟುಟ್‌ಗಾರ್ಟಿನ ಎರಡು ಕಾರು ಸಂಗ್ರಹಾಲಯಗಳು, ಆಲ್ಪ್ಸ್‌ನ ಸ್ಟೆಲ್ವಿಯೋ ಘಾಟಿಯ ಉತ್ತರ ಮಗ್ಗುಲಿನ 48 ತಿರುವುಗಳು, ಛಾವಣಿಯ ಮೇಲೆಯೇ ಕಾರು ಪರೀಕ್ಷಿಸುವ ಪಥವಿರುವ ಟ್ಯೂರಿನ್‌ನ ಹಳೆಯ ಫಿಯೆಟ್ ಕಾರ್ಖಾನೆ, ಎಲ್ಲವೂ ಅದರಲ್ಲಿದ್ದವು. ಅಮ್ಮ ಅದನ್ನು ನಿಧಾನವಾಗಿ ಓದಿ, "ಬರ್ತಾ ಬೆಂಜ್ ಹೋದ ದಾರಿ ಇಲ್ಲೇ ಹತ್ತಿರವಿದೆಯಲ್ಲ, ಮೊದಲು ಅದನ್ನು ನೋಡೋಣ" ಎಂದರು. ಪಟ್ಟಿಯಲ್ಲಿ ಇಲ್ಲದಿದ್ದ ಆ ದಿನವೇ ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು.

ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ವಾಹನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1886ರ ಜನವರಿ 29ರಂದು. ಎರಡು ವರ್ಷ ಕಳೆದರೂ ಅದನ್ನು ಕೊಳ್ಳುವವರು ಹೆಚ್ಚಾಗಿ ಮುಂದೆ ಬರಲಿಲ್ಲ. ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಅವನ ಉದ್ಯಮಕ್ಕೆ ತೊಡಗಿಸಿದ್ದ ಬರ್ತಾ, 1888ರ ಆಗಸ್ಟ್‌ನ ಒಂದು ಮುಂಜಾನೆ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತಾಯಿಯ ಮನೆಗೆ ಹೊರಟಳು. ಸುಮಾರು 104 ಕಿಲೋಮೀಟರ್‌ಗಳ ಆ ಪಯಣವನ್ನು ಜಗತ್ತು ಮೊದಲ ದೀರ್ಘ ಕಾರು ಪ್ರಯಾಣವೆಂದು ನೆನೆಯುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಬ್ಬ ಹೆಣ್ಣುಮಗಳು ಮಕ್ಕಳೊಂದಿಗೆ ತವರಿಗೆ ಹೋದಳು.

ಅಮ್ಮನಿಗೆ ಈ ಕಥೆಯಲ್ಲಿ ಇಷ್ಟೊಂದು ಆಸಕ್ತಿ ಏಕೆಂಬುದು ನನಗೆ ಗೊತ್ತಿತ್ತು. ಅವರ ತವರು ಶಿರಸಿ. ನಾನು ಮತ್ತು ತಮ್ಮ ಚಿಕ್ಕವರಿದ್ದಾಗ, ನಮ್ಮಿಬ್ಬರನ್ನು ಪ್ರೀಮಿಯರ್ ಪದ್ಮಿನಿಯ ಹಿಂದಿನ ಸೀಟಿನಲ್ಲಿ ಕೂರಿಸಿ, ಹುಬ್ಬಳ್ಳಿಯಿಂದ ಮುಂಡಗೋಡಿನ ಮೇಲೆ ಸುಮಾರು ನೂರು ಕಿಲೋಮೀಟರ್ ಅವರೊಬ್ಬರೇ ಓಡಿಸಿಕೊಂಡು ಹೋಗುತ್ತಿದ್ದರು. ಬೇಸಿಗೆಯಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಇಂಜಿನ್ ನಿಂತುಬಿಡುವುದಿತ್ತು. ಆಗ ಬಾನೆಟ್ ಎತ್ತಿ, ಫ್ಯುಯೆಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಹುಣಸೆಮರದ ನೆರಳಿನಲ್ಲಿ ನಮಗೆ ಚಕ್ಕುಲಿ ಕೊಟ್ಟು ಕಾಯುತ್ತಿದ್ದ ಅಮ್ಮನ ಮುಖದಲ್ಲಿ ಗಾಬರಿಯನ್ನು ನಾನು ಎಂದೂ ಕಂಡಿಲ್ಲ.

ಲಾಡೆನ್‌ಬುರ್ಗ್‌ನಲ್ಲಿ ಬೆಂಜ್ ಕುಟುಂಬದ ಹಳೆಯ ಕಾರ್ಖಾನೆಯೇ ಈಗ ಸಂಗ್ರಹಾಲಯವಾಗಿದೆ. ಮೂರು ಚಕ್ರದ ಗಾಡಿಯ ಪ್ರತಿಕೃತಿಯ ಹಿಂಭಾಗದಲ್ಲಿ ಅಮ್ಮ ಮಂಡಿಯೂರಿ ಕುಳಿತು, ಅಡ್ಡಲಾಗಿ ಮಲಗಿಸಿದ ದೊಡ್ಡ ಫ್ಲೈವೀಲನ್ನು ಬಹಳ ಹೊತ್ತು ನೋಡಿದರು. ಅದನ್ನು ಕೈಯಿಂದ ತಿರುಗಿಸಿಯೇ ಇಂಜಿನ್ ಚಾಲೂ ಮಾಡಬೇಕಿತ್ತು. ಹಾಗಾದರೆ ದಾರಿಯಲ್ಲಿ ನಿಂತಾಗಲೆಲ್ಲ ಮಕ್ಕಳು ಇಳಿದು ಇದನ್ನೇ ತಿರುಗಿಸಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು.

ಹೈಡೆಲ್‌ಬರ್ಗ್ ದಾಟಿ ವೀಸ್ಲೋಖ್ ತಲುಪಿದಾಗ ಮಧ್ಯಾಹ್ನವಾಗಿತ್ತು. ಇಂಧನ ತೀರುತ್ತ ಬಂದಾಗ ಬರ್ತಾ ಇಲ್ಲಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕವನ್ನು ಕೊಂಡಳು. ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ವಸ್ತು ಅದು. ಅದೇ ಕಾರಣಕ್ಕೆ ಈ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಎದುರಿಗೆ ಅವಳ ಸ್ಮಾರಕವಿದೆ. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಅವಳು ಟೋಪಿಯ ಪಿನ್ನಿನಿಂದ ಬಿಡಿಸಿದ್ದನ್ನೂ, ಕಾಲುಚೀಲದ ಪಟ್ಟಿಯಿಂದ ವಿದ್ಯುತ್ ತಂತಿಗೆ ಹೊದಿಕೆ ಮಾಡಿದ್ದನ್ನೂ ನಾನು ಉತ್ಸಾಹದಿಂದ ವಿವರಿಸತೊಡಗಿದೆ. ಅಮ್ಮ ನನ್ನನ್ನು ತಡೆದರು.

"ಪಿನ್ನಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೆಟ್ಟದ್ದನ್ನು ಸರಿಮಾಡುವುದನ್ನು ಗಾಡಿ ಓಡಿಸುವ ಯಾರಾದರೂ ಕಲಿಯಲೇಬೇಕು. ಅವಳು ಬ್ರೇಕಿಗೆ ಏನು ಮಾಡಿದಳು ಎಂಬುದನ್ನು ನೋಡು" ಎಂದರು. ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದುಹೋದಾಗ ಬರ್ತಾ ಒಬ್ಬ ಚಮ್ಮಾರನಿಂದ ಅವಕ್ಕೆ ಚರ್ಮ ಹೊಡೆಸಿದಳು. ಇಂದಿನ ಬ್ರೇಕ್ ಲೈನಿಂಗಿನ ಮೂಲ ಅದು. ಏರುಗಳಲ್ಲಿ ಮಕ್ಕಳು ಇಳಿದು ನೂಕಬೇಕಾಗಿ ಬಂದುದರಿಂದ, ಹತ್ತುವುದಕ್ಕೆ ಇನ್ನೊಂದು ಕೆಳಗಿನ ಗೇರ್ ಬೇಕೆಂದು ಗಂಡನಿಗೆ ಹೇಳಿದಳು. ಅವಳನ್ನು ಧೈರ್ಯವಂತೆ ಎಂದಷ್ಟೇ ಹೊಗಳಿ ಸುಮ್ಮನಾಗುವುದು ಅವಳಿಗೆ ಮಾಡುವ ಅನ್ಯಾಯ, ಅವಳು ಗಾಡಿಯ ಕೊರತೆಗಳನ್ನು ರಸ್ತೆಯ ಮೇಲೆ ಕಂಡುಹಿಡಿದ ಪರೀಕ್ಷಕಿ ಎಂಬುದು ಅಮ್ಮನ ಅಭಿಪ್ರಾಯ. ನಾನು ಹತ್ತು ವರ್ಷಗಳಿಂದ ಇದೇ ಸೀಮೆಯಲ್ಲಿ ವಾಸಿಸುತ್ತಿದ್ದರೂ ಆ ಕಥೆಯನ್ನು ಹಾಗೆ ಓದಿರಲಿಲ್ಲ.

ಬ್ರುಕ್‌ಸಾಲ್‌ನ ನಂತರ ಸ್ಟಿಯರಿಂಗ್ ಅಮ್ಮನ ಕೈಗೆ ಬಂತು. ಅಂತರರಾಷ್ಟ್ರೀಯ ಪರವಾನಗಿಯನ್ನು ಹುಬ್ಬಳ್ಳಿಯಲ್ಲೇ ಮಾಡಿಸಿಕೊಂಡಿದ್ದರು. ಮೊದಲ ಕೆಲವು ನಿಮಿಷ ಅವರ ಎಡಗೈ ಗೇರನ್ನು ಹುಡುಕಿ ಬಾಗಿಲಿಗೆ ತಾಗುತ್ತಿತ್ತು. ಫಲಕವಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ಇಲ್ಲಿನ ನಿಯಮವನ್ನು ಒಮ್ಮೆ ಕೇಳಿದವರು ಮತ್ತೆ ಮರೆಯಲಿಲ್ಲ. ವೈನ್‌ಗಾರ್ಟನ್‌ನ ದ್ರಾಕ್ಷಿ ಗುಡ್ಡಗಳ ಬದಿಯಲ್ಲಿ ಎರಡನೆಯ ಗೇರಿಗೆ ಇಳಿದಾಗ ಇಂಜಿನ್ ಎಲ್ಲಿಯೂ ತಡವರಿಸಲಿಲ್ಲ. ಫೋರ್ಟ್ಸ್‌ಹೈಮ್‌ಗೆ ಮುನ್ನ ಸಿಗುವ ಏರಿನಲ್ಲಿ ಅವರು ಮಾತು ನಿಲ್ಲಿಸಿ, ಕಿಟಕಿ ಇಳಿಸಿ, ಇಂಜಿನ್ನಿನ ಸದ್ದನ್ನೇ ಆಲಿಸುತ್ತ ಓಡಿಸಿದರು.

ಫೋರ್ಟ್ಸ್‌ಹೈಮ್‌ನಲ್ಲಿ ಹಳೆಯ ಊರು ಉಳಿದಿಲ್ಲ. 1945ರ ಫೆಬ್ರವರಿ 23ರ ಒಂದೇ ರಾತ್ರಿಯ ವಿಮಾನದಾಳಿಯಲ್ಲಿ ಊರಿನ ನಡುಭಾಗ ಸುಟ್ಟುಹೋಯಿತು. ಬರ್ತಾ ಅದನ್ನು ಕಾಣಲಿಲ್ಲ. ಅದಕ್ಕೆ ಒಂಬತ್ತು ತಿಂಗಳ ಮೊದಲು, 95 ತುಂಬಿದ ಎರಡೇ ದಿನಕ್ಕೆ, ಲಾಡೆನ್‌ಬುರ್ಗ್‌ನಲ್ಲಿ ತೀರಿಕೊಂಡಿದ್ದಳು. ಇದನ್ನು ಕೇಳಿದ ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಶಿರಸಿಯ ಮನೆಯೂ ಮಾರಾಟವಾಗಿ ಆರು ವರ್ಷಗಳಾದವು.

ತಲುಪಿದ ಸುದ್ದಿಯನ್ನು ಬರ್ತಾ ಗಂಡನಿಗೆ ತಂತಿಯ ಮೂಲಕ ತಿಳಿಸಿದ್ದಳು. ಅಮ್ಮ ಅಪ್ಪನಿಗೆ ಫೋನ್ ಮಾಡಿದರು. ಹುಬ್ಬಳ್ಳಿಯಲ್ಲಿ ಆಗ ರಾತ್ರಿ ಹತ್ತು ಗಂಟೆ. ಬ್ರೇಕಿನ ಚರ್ಮದ ವಿಷಯವನ್ನೆಲ್ಲ ವಿವರವಾಗಿ ಹೇಳಿ ಮುಗಿಸಿ, "ಅವಳು ಹಿಂದಿರುಗಿದ್ದು ಬೇರೆ ದಾರಿಯಲ್ಲಿ, ಬ್ರೆಟ್ಟನ್ ಮೇಲೆ. ನಾವೂ ಹಾಗೆಯೇ ಹೋಗೋಣ" ಎಂದು ನನ್ನ ಕಡೆ ತಿರುಗಿ ಕಾರಿನ ಕೀಲಿಗೆ ಕೈ ಚಾಚಿದರು.